ಗೋಲು ಎಣಿಸಿ ಬೆಲೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

2024ರ ಅಕ್ಟೋಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಫಾರ್ವರ್ಡ್ ಅಭಿಷೇಕ್‌ಗೆ 72 ಲಕ್ಷ ರೂಪಾಯಿ ಬಂತು. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆಯುವ ಡಿಫೆಂಡರ್ ಹರ್ಮನ್‌ಪ್ರೀತ್‌ಗೆ 78 ಲಕ್ಷ. ಹೊಡೆದ ಗೋಲು ಕಡಿಮೆ, ಅಭಿಷೇಕ್‌ಗೆ ಅಷ್ಟು ಜಾಸ್ತಿ ಆಯ್ತು ಎನ್ನುವ ಮಾತು ಪೊನ್ನಂಪೇಟೆಯ ಹೋಟೆಲಿನಲ್ಲಿ ಇನ್ನೂ ನಿಂತಿಲ್ಲ.

ಗೋಲು ಎಣಿಸುವವರಿಗೆ ಒಂದು ಪ್ರಶ್ನೆ. ಪೆನಾಲ್ಟಿ ಕಾರ್ನರ್ ಸುಮ್ನೆ ಸಿಗುತ್ತದಾ? ಫಾರ್ವರ್ಡ್ ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ ಒಳಗೆ ನುಗ್ಗಿ, ಡಿಫೆಂಡರ್ ಕಾಲಿಗೆ ಚೆಂಡು ತಾಗಿಸಿದರೆ ತಾನೇ? ಆಮೇಲೆ ಆ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಎಸೆಯುವ ಹೊಡೆತ) ಹೊಡೆದವನ ಹೆಸರಿಗೆ ಗೋಲು. ಚೆಂಡು ಕಳೆದುಕೊಂಡ ಕೂಡಲೇ ತಿರುಗಿ ಓಡಿ ಎದುರಾಳಿಯನ್ನು ಕಟ್ಟಿಹಾಕುವ ಕೆಲಸವಂತೂ ಯಾವ ಲೆಕ್ಕದಲ್ಲೂ ಇಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಲ್ಜಿಯಂ, ಆಸ್ಟ್ರೇಲಿಯಾ ವಿರುದ್ಧ ಅಭಿಷೇಕ್ ಹೊಡೆದದ್ದು ಎರಡೇ ಗೋಲು, ನಿಜ. ಆದರೆ ಎರಡೂ ಫೀಲ್ಡ್ ಗೋಲು, ಅಂದರೆ ಪೆನಾಲ್ಟಿಯಿಲ್ಲದೆ ಆಟದ ಓಟದಲ್ಲೇ ಹೊಡೆದದ್ದು. 2016ರಲ್ಲಿ ಇದೇ ಲೀಗ್ ಒಂದು ಫೀಲ್ಡ್ ಗೋಲನ್ನು ಎರಡು ಗೋಲು ಎಂದು ಲೆಕ್ಕ ಹಾಕಿತ್ತು, ಮರೆತಿರಾ? ನಮ್ಮ ಕೊಡಗಿನ ಸೋಮವಾರಪೇಟೆಯ ಫಾರ್ವರ್ಡ್ ಎಸ್.ವಿ. ಸುನಿಲ್ ಓಟ ನೋಡಿ ಬೆಳೆದ ನಾವೇ ಹೀಗೆ ಮಾತಾಡಿದರೆ ಹೇಗೆ?

ಲೀಗ್ ಕರಾರನ್ನೇ ನಂಬಿ ಕೂರುವ ವಿಷಯ ಬೇರೆ. ಅಲ್ಲಿ ನನಗೂ ಭಯ ಇದೆ. 2017ರ ನಂತರ ಲೀಗ್ ನಿಂತೇ ಹೋಗಿತ್ತು, ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ ಒಂದಿಡೀ ತಲೆಮಾರಿನ ಆಟಗಾರರು ಈ ದುಡ್ಡು ನೋಡಲೇ ಇಲ್ಲ. ಆದ್ದರಿಂದ ನಮ್ಮ ಕ್ರೀಡಾ ಹಾಸ್ಟೆಲ್ ಹುಡುಗರಿಗೆ ಹೇಳುವುದಿಷ್ಟೇ: ಹರಾಜಿಗೆ ಹೆಸರು ಕೊಡಿ, ರೈಲ್ವೆಯದ್ದೋ ಸೇನೆಯದ್ದೋ ಕೆಲಸ ಸಿಕ್ಕರೆ ಮಾತ್ರ ಬಿಡಬೇಡಿ.

— ಹಳೇ ಲೆಫ್ಟ್ ವಿಂಗರ್, ಪೊನ್ನಂಪೇಟೆ