ಬೂಷ್ಟಿನ ಮೇಲೆ ಬಣ್ಣ ಬಳಿದರೆ ಗೋಡೆ ಒಣಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಗೋಕಾಕದ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಹಿಡಕಲ್ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು? ಲೋಳಸೂರ ಸೇತುವೆ ಮೇಲೆ ನೀರು ಬಂತಾ? 2019, 2021, 2024, ಮೂರು ಸಲ ನೆರೆ ಕಂಡಿದ್ದೇವೆ. ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ತುಂಬಿದರೆ ನದಿ ಬದಿಯ ಓಣಿಗಳಿಗೆ ನೀರು ತಪ್ಪಿದ್ದಲ್ಲ. ನೀರು ಏರುವಾಗ ಎಲ್ಲರೂ ಬರುತ್ತಾರೆ. ಇಳಿದ ಮೇಲೆ ಗೋಡೆಯೊಳಗೆ ಉಳಿಯುವ ನೀರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಈ ಪತ್ರ.

2024ರಲ್ಲಿ ನಮ್ಮ ಮನೆಯೊಳಗೆ 3 ಅಡಿ ನೀರು ನಿಂತಿತ್ತು. ಕೆಸರು ಎತ್ತಿ, ತೊಳೆದು, ಹಗಲೂ ರಾತ್ರಿ ಫ್ಯಾನು ಹಚ್ಚಿ ವಾರದಲ್ಲಿ ಒಳಗೆ ಬಂದೆವು. ಸ್ವಲ್ಪ ದಿನಕ್ಕೆ ಗೋಡೆಯ ಬುಡದಲ್ಲಿ ಕಪ್ಪು ಚುಕ್ಕೆ ಕಾಣಿಸಿದವು. ‘ಬೂಷ್ಟು ತೆಗೆದುಕೊಡುತ್ತೇವೆ, ಗ್ಯಾರಂಟಿ ಇದೆ’ ಎಂದವರನ್ನು ಕರೆಸಿ 18 ಸಾವಿರ ಕೊಟ್ಟೆವು. ಅವರು ಏನೋ ಸ್ಪ್ರೇ ಹೊಡೆದರು, ಪುಟ್ಟಿ ಹಚ್ಚಿದರು, ಬಣ್ಣ ಬಳಿದರು. ಎರಡೇ ದಿನದ ಕೆಲಸ. ಗೋಡೆ ಹೊಸದರ ಹಾಗೆ ಕಂಡಿತು.

ನಾಲ್ಕು ತಿಂಗಳ ಮೇಲೆ ತಿಜೋರಿ ಸರಿಸಿದರೆ ಹಿಂದಿನ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಉಗುರಿನಿಂದ ಗೀರಿದೆ. ಹಾಳೆಯ ಹಾಗೆ ಕಿತ್ತು ಬಂತು. ಒಳಗೆಲ್ಲ ಕಪ್ಪು, ಮುಟ್ಟಿದರೆ ತಣ್ಣಗೆ, ಕೈಗೆ ಅಂಟುವಂಥದ್ದು. ಪಕ್ಕದಲ್ಲೇ ನಮ್ಮ ಅತ್ತೆಯವರು ಹೊಲಿದ ಕೌದಿಗಳ ಗಂಟು ಇತ್ತು. ನೆರೆ ಬಂದಾಗ ತಲೆ ಮೇಲೆ ಹೊತ್ತು ಉಳಿಸಿದ್ದ ಕೌದಿಗಳು ಅವು. ಮನೆ ಒಣಗಿದೆ ಎಂದುಕೊಂಡು ಗೋಡೆಗೆ ಒತ್ತಿ ಇಟ್ಟಿದ್ದೆ. ಕೆಳಗಿನ ಎರಡು ಪೂರ್ತಿ ಹಾಳಾಗಿದ್ದವು.

ಅಷ್ಟು ದಿನ ಮಗಳಿಗೆ ರಾತ್ರಿಯೆಲ್ಲ ಕೆಮ್ಮು, ಉಬ್ಬಸ. ಡಾಕ್ಟರು ಔಷಧಿ ಬರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಅವಳು ಮಲಗುವ ಕೋಣೆಯ ಗೋಡೆ ಹಸಿ ಇದೆಯಾ?’ ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಅಸ್ತಮಾ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮಗೆ ಗೊತ್ತೇ ಇರಲಿಲ್ಲ.

ಕೊನೆಗೆ ನಮ್ಮ ಹಳೇ ಗೌಂಡಿಯನ್ನು ಕರೆಸಿದೆವು. ಅವರು ಕರಣಿಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿದರು. ‘ಅಕ್ಕಾರ, ಗ್ವಾಡಿ ಇನ್ನೂ ನೀರು ಕುಡದು ನಿಂತೈತ್ರಿ. ಅದರ ಮ್ಯಾಲ ಯಾಕ ಬಣ್ಣ ಹಚ್ಚಿಸಿದ್ರಿ?’ ಅಂದರು. ಒಂದು ಅಡಿ ಪ್ಲಾಸ್ಟಿಕ್ ಹಾಳೆ ತರಿಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಹೋದರು. ಎರಡು ದಿನದ ಮೇಲೆ ನೋಡಿದರೆ ಹಾಳೆಯ ಒಳಬದಿಗೆ ನೀರಿನ ಹನಿ! ಹಸಿ ಇದ್ದದ್ದು ಗೋಡೆಯ ಒಳಗೇ.

ನೀರು ನಿಂತಿದ್ದು 3 ಅಡಿ, ಆದರೆ ಇಟ್ಟಿಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಅದಕ್ಕೇ 4 ಅಡಿವರೆಗೆ ಗಿಲಾವು ಕೆತ್ತಿಸಿದರು. ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ಅಂದರೆ 9 ಇಂಚಿನ ಗೋಡೆ ಎರಡು ದಿನದಲ್ಲಿ ಒಣಗಲು ಸಾಧ್ಯವೇ ಇಲ್ಲ, ಅಲ್ವಾ? ಎಣ್ಣೆ ಬಣ್ಣ ಬಳಿದರಂತೂ ಒಳಗಿನ ಹಸಿಗೆ ಹೊರಬರಲು ದಾರಿಯೇ ಇಲ್ಲ. ಹಿಂದಿನವರ ಸುಣ್ಣದ ಗೋಡೆ ಉಸಿರಾಡುತ್ತಿತ್ತು. ನಮ್ಮ ಮನೆಗೂ ಈಗ ಸುಣ್ಣವೇ.

ಬೂಷ್ಟು ತೆಗೆಯುವುದೂ ಒಂದು ಕಸುಬು ಎಂದು ಆಮೇಲೆ ತಿಳಿಯಿತು. ಬಲ್ಲವರು ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾರೆ. ಮೀಟರ್ ಹಿಡಿದು ಗೋಡೆಯ ತೇವ ಅಳೆಯುತ್ತಾರೆ. ಕೋಣೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಒಳಗಿನ ಗಾಳಿ ಬೇರೆ ಕೋಣೆಗೆ ಹೋಗದಂತೆ ಹೊರಗೆ ಎಳೆದು, ಆಮೇಲೆ ಕೈ ಹಚ್ಚುತ್ತಾರೆ. ಬೂಷ್ಟಿನ ಮೇಲೆ ಫ್ಯಾನು ಬಿಟ್ಟರೆ ಅದರ ಪುಡಿ ಮನೆಯೆಲ್ಲ ಹರಡುತ್ತದೆ. ನಾವು ಅದನ್ನೇ ಮಾಡಿದ್ದೆವು. ನೆನೆದ ಗಾದಿ, ಪ್ಲೈವುಡ್ ತೊಳೆದು ಉಳಿಸುವ ಹಾಗಿಲ್ಲ, ಎಸೆಯಲೇಬೇಕು. ಬೂಷ್ಟು ಸತ್ತರೂ ಅಲರ್ಜಿ ತರುತ್ತದೆ, ಹಾಗಾಗಿ ಬರೀ ಸ್ಪ್ರೇ ಹೊಡೆದರೆ ಆಗದು, ಕೆರೆದು ತೆಗೆಯಬೇಕು. ಬೂಷ್ಟು ಹಿಡಿದ ಜಾಗ 3 ಅಡಿಗೆ 3 ಅಡಿಗಿಂತ ಕಡಿಮೆ ಇದ್ದರೆ ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಂಡು ನಾವೇ ಸೋಪಿನ ನೀರಲ್ಲಿ ಉಜ್ಜಬಹುದು. ಬ್ಲೀಚಿಂಗ್ ಜೊತೆ ಸಂಡಾಸಿನ ಆಸಿಡ್ ಮಾತ್ರ ದಯವಿಟ್ಟು ಬೆರೆಸಬೇಡಿ, ವಿಷಗಾಳಿ ಬರುತ್ತದೆ.

2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ಬೀಳದೆ ನಿಂತು, ಒಳಗೊಳಗೇ ನೀರು ಕುಡಿದ ಮನೆಗಳ ಲೆಕ್ಕ ಯಾರು ಬರೆಯುತ್ತಾರೆ? ನೆರೆ ಸಮೀಕ್ಷೆಯ ಫಾರಂನಲ್ಲಿ ‘ಗೋಡೆಯ ಹಸಿ’ ಎಂದು ಒಂದು ಕಾಲಂ ಸೇರಿಸಲಿ. ಗೋಕಾಕ, ಮೂಡಲಗಿ, ಮುಧೋಳದಂಥ ಊರುಗಳಲ್ಲಿ ನಾಲ್ಕು ತೇವದ ಮೀಟರ್, ಗಾಳಿಯ ತೇವ ಹೀರುವ ಒಂದಿಷ್ಟು ಯಂತ್ರ ಇಟ್ಟು ಕಡಿಮೆ ಬಾಡಿಗೆಗೆ ಕೊಡಲಿ. ಊರಿನ ಗೌಂಡಿಗಳಿಗೆ ಒಂದು ವಾರ ತರಬೇತಿ ಕೊಡಲಿ. ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಅಂಗನವಾಡಿ, ಶಾಲೆಗಳಲ್ಲಿ. ನೀರು ಹೊಕ್ಕ ಕೋಣೆಗೆ ಬಣ್ಣ ಬಳಿದು ಮಕ್ಕಳನ್ನು ಕೂರಿಸುವ ಮೊದಲು, ಗೋಡೆಗೆ ಒಂದು ಅಡಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಎರಡು ದಿನ ಕಾಯಲಿ.

– ಒಬ್ಬ ಗೃಹಿಣಿ, ಗೋಕಾಕ, ಬೆಳಗಾವಿ ಜಿಲ್ಲೆ