ಗಾಡಿ ತೆಗೆಯಬೇಡಿ, ನಲ್ಲಿ ಹಾಕಿಸಿಕೊಡಿ: ಗಾಂಧಿ ಬಜಾರ್ ಸುತ್ತಲಿನ ನಿವಾಸಿಗಳ ಮನವಿ

ಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಶಿವಮೊಗ್ಗ.

ಇಂದ,
ಗಾಂಧಿ ಬಜಾರ್, ನೆಹರು ರಸ್ತೆ, ದುರ್ಗಿಗುಡಿ ಆಸುಪಾಸಿನ ಅಡ್ಡರಸ್ತೆಗಳ ನಿವಾಸಿಗಳು.

ವಿಷಯ: ತಿಂಡಿ ಗಾಡಿಗಳನ್ನು ಇದ್ದ ಜಾಗದಲ್ಲೇ ಉಳಿಸಿ, ನೀರು ಮತ್ತು ಮುಸುರೆ ಚರಂಡಿಯ ವ್ಯವಸ್ಥೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾವು ಗಾಡಿಗಳ ಮೇಲೆ ದೂರು ಕೊಡಲು ಬಂದವರಲ್ಲ. ದೂರುಗಳು ಇಲ್ಲ ಅಂತಲ್ಲ, ಇವೆ, ಮುಂದೆ ಹೇಳುತ್ತೇವೆ. ಆದರೆ ಕೇಳುವುದು ಮುಖ್ಯವಾಗಿ ಒಂದೇ. ತಿಂಡಿ ಗಾಡಿ ನಿಲ್ಲುವ ಕಡೆ ನೀರಿನ ನಲ್ಲಿ ಬೇಕು, ತಟ್ಟೆ ತೊಳೆದ ನೀರು ಹೋಗಲು ಸರಿಯಾದ ದಾರಿ ಬೇಕು. ಗಾಡಿಗಳನ್ನೆಲ್ಲ ಊರ ಹೊರಗೆ ಎಲ್ಲಿಗೋ ಕಳಿಸುತ್ತಾರಂತೆ ಎಂಬ ಮಾತು ಬೀದಿಯಲ್ಲಿ ಓಡಾಡುತ್ತಿದೆ. ನಿಜವೋ ಸುಳ್ಳೋ ಗೊತ್ತಾಗುವ ಹೊತ್ತಿಗೆ ತಡವಾಗಬಾರದು ಅಂತ ಈಗಲೇ ಬರೆಯುತ್ತಿದ್ದೇವೆ.

ಇಲ್ಲಿ ವಾಸ ಮಾಡದವರಿಗೆ ಈ ಬೀದಿಗಳು ಸಂಜೆ ಮಾತ್ರ ಕಾಣುತ್ತವೆ. ನಮಗೆ ಬೆಳಗಿನಿಂದಲೇ ಶುರು. ಬೆಳಕು ಹರಿಯುವ ಮುಂಚೆ ಇಡ್ಲಿ ಪಾತ್ರೆಯ ಹಬೆ ಏಳುತ್ತದೆ. ಹೂವಿನವರು, ತರಕಾರಿ ಇಳಿಸುವ ಹಮಾಲಿಗಳು, ಪೇಪರ್ ಹಾಕುವ ಹುಡುಗರು ನಿಂತೇ ತಿಂದು ಹೋಗುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಚಿತ್ರಾನ್ನ, ಪಲಾವ್ ಡಬರಿಗಳು ಖಾಲಿ. ಮಧ್ಯಾಹ್ನ ಕಬ್ಬಿನ ಹಾಲು, ಎಳನೀರು, ಉಪ್ಪು ಖಾರ ಸವರಿದ ಅನಾನಸ್. ಬೇಸಿಗೆಯಾದರೆ ಹಲಸಿನ ತೊಳೆ ಬಿಡಿಸಿಟ್ಟು ಕೂರುವ ಹೆಂಗಸರು ಬರುತ್ತಾರೆ, ಆ ವಾಸನೆಗೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಐದು ಗಂಟೆಗೆ ಬಾಣಲೆ ಏರುತ್ತದೆ. ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿ, ಪಡ್ಡು, ಪಾನಿಪುರಿ, ನಿಪ್ಪಟ್ಟು ಮಸಾಲೆ, ಗೋಬಿ, ಎಗ್ ರೈಸ್. ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ ಕೇಳುವುದೇ ಬೇಡ. ಟಾರ್ಪಲ್ ಕೆಳಗೆ ಒಬ್ಬರಿಗೊಬ್ಬರು ಒತ್ತಿಕೊಂಡು, ಒಂದು ಕೈಯಲ್ಲಿ ಛತ್ರಿ ಇನ್ನೊಂದು ಕೈಯಲ್ಲಿ ಬಜ್ಜಿ ಹಿಡಿದುಕೊಂಡು ನಿಂತಿರುತ್ತಾರೆ. ಮಲೆನಾಡಿನ ಮಳೆಗೆ ಬಜ್ಜಿ ಬೇಡ ಅನ್ನುವವರು ಯಾರಾದರೂ ಇದ್ದರೆ ಅವರು ನಮ್ಮ ಬೀದಿಯವರಂತೂ ಅಲ್ಲ.

ತಿನ್ನುವವರು ಯಾರು ಅಂತಲೂ ನೋಡಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಆಸ್ಪತ್ರೆಗೆ, ಕೋರ್ಟಿಗೆ, ಅಡಿಕೆ ಮಂಡಿಗೆ ಬರುವ ಜನ. ಒಳಗೆ ಮಲಗಿರುವ ರೋಗಿಗೆ ಊಟ ಒಯ್ಯುವವರು. ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು. ಹೋಟೆಲಿನಲ್ಲಿ ಕೂತು ತಿನ್ನುವಷ್ಟು ದುಡ್ಡೋ ಹೊತ್ತೋ ಇಲ್ಲದವರಿಗೆ ಈ ಗಾಡಿಗಳೇ ಊಟದ ಮನೆ. ಕೊನೆ ಬಸ್ಸಿಗೆ ಓಡುವ ಮುಂಚೆ ಒಂದು ಪ್ಲೇಟ್ ತಿಂದು ಹೋಗುವವರನ್ನು ಬೈಪಾಸ್ ಕಡೆಯ ಯಾವುದೋ ಮೈದಾನಕ್ಕೆ ಹೋಗಿ ತಿನ್ನಿ ಅಂದರೆ ಅವರು ಹೋಗುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುತ್ತಾರೆ ಅಷ್ಟೇ. ಗಿರಾಕಿ ಇಲ್ಲದ ಜಾಗಕ್ಕೆ ಹಾಕಿದ ಗಾಡಿಯವರೂ ನಾಲ್ಕು ದಿನ ನೋಡಿ ವಾಪಸ್ ಇಲ್ಲಿಗೇ ಬಂದು ನಿಲ್ಲುತ್ತಾರೆ, ಆಗ ಮತ್ತೆ ಗಲಾಟೆ.

ಈಗ ನೀರಿನ ವಿಷಯ. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಂಡು ಬೆಳೆದ ಊರು ನಮ್ಮದು. ಹೊಳೆ ನಾವು ನಡೆದುಕೊಂಡು ಹೋಗುವಷ್ಟು ಹತ್ತಿರ. ಆದರೂ ಒಂದು ಗಾಡಿಯ ಇಡೀ ಸಂಜೆ ವ್ಯಾಪಾರ ಎರಡು ಬಕೆಟ್ ನೀರಿನಲ್ಲಿ ಮುಗಿಯುತ್ತದೆ. ಒಂದರಲ್ಲಿ ಎಂಜಲು ತಟ್ಟೆ ಅದ್ದುತ್ತಾರೆ, ಇನ್ನೊಂದರಲ್ಲಿ ಜಾಲಿಸುತ್ತಾರೆ. ಏಳು ಗಂಟೆ ಹೊತ್ತಿಗೆ ಎರಡೂ ಬಕೆಟ್ಟಿನ ನೀರು ಒಂದೇ ಬಣ್ಣ. ಕೇಳಿದರೆ "ನೀರು ಎಲ್ಲಿಂದ ತರಲಿ ಸಾರ್, ನೀವೇ ಹೇಳಿ" ಅನ್ನುತ್ತಾರೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. "ಅಕ್ಕಾ, ಒಂದು ಕ್ಯಾನ್ ನೀರು ಹಿಡಿದುಕೊಳ್ತೀನಿ" ಅಂತ ಬಾಗಿಲಿಗೆ ಬಂದರೆ ಕೊಡುತ್ತೇವೆ. ಆದರೆ ಏಪ್ರಿಲ್ ತಿಂಗಳಲ್ಲಿ ನಮ್ಮ ಸಂಪೇ ತಳ ಕಂಡಿರುವಾಗ ಎಷ್ಟು ಕ್ಯಾನ್ ಕೊಡಲಿಕ್ಕಾಗುತ್ತದೆ? ನೀರು ಸಾಲದು ಅಂತ ಕೆಲವರು ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸಿ ಕೊಡುತ್ತಾರೆ, ತೊಳೆಯುವ ಕೆಲಸ ತಪ್ಪುತ್ತದೆ ನೋಡಿ. ಬಿಸಿ ಬಿಸಿ ಪಲಾವ್ ಪ್ಲಾಸ್ಟಿಕ್ ಮೇಲೆ. ಆ ಹಾಳೆಗಳೆಲ್ಲ ಮರುದಿನ ನಮ್ಮ ಚರಂಡಿಯ ಬಾಯಿಗೆ ಸಿಕ್ಕಿಕೊಂಡಿರುತ್ತವೆ. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಹಾಳೆ ನಿಷೇಧ ಆಯಿತು. ದಂಡ ಹಾಕಿದರೆ ಒಂದು ವಾರ ನಿಲ್ಲುತ್ತದೆ, ನಲ್ಲಿ ಹಾಕಿದರೆ ಅದರ ಅಗತ್ಯವೇ ಕಡಿಮೆಯಾಗುತ್ತದೆ ಅನ್ನುವುದು ನಮ್ಮ ಲೆಕ್ಕ.

ಮುಸುರೆ ನೀರಿನದ್ದು ಇನ್ನೊಂದು ಕಥೆ. ಅನ್ನದ ಅಗುಳು, ಎಣ್ಣೆ, ಈರುಳ್ಳಿ ಸಿಪ್ಪೆ ಎಲ್ಲ ಸೇರಿ ಮಳೆನೀರಿನ ಚರಂಡಿಗೆ ಹೋಗುತ್ತದೆ. ಅದು ಕಟ್ಟಿಕೊಂಡು ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ. ಕಟ್ಟಿಕೊಳ್ಳದೆ ಹರಿದರೆ ಇನ್ನೂ ಕೆಟ್ಟದ್ದು, ಮಳೆನೀರಿನ ಜೊತೆ ಹೊಳೆಗೇ ಹೋಗಿ ಸೇರುತ್ತದೆ. ಕೆಳಗೆ ತುಂಗೆ, ಭದ್ರೆ ಕೂಡುವ ಕೂಡ್ಲಿಯಲ್ಲಿ ಜನ ಸಂಗಮ ಅಂತ ಮುಳುಗು ಹಾಕುವುದು ಇದೇ ನೀರಿನಲ್ಲಿ. ನಾಲ್ಕೈದು ಗಾಡಿಗೆ ಒಂದರಂತೆ ಒಂದು ತೊಳೆಯುವ ಕಟ್ಟೆ, ಅದಕ್ಕೊಂದು ನಲ್ಲಿ, ಜಿಡ್ಡು ಹಿಡಿಯುವ ಒಂದು ಚಿಕ್ಕ ಗುಂಡಿ, ಅಲ್ಲಿಂದ ಒಳಚರಂಡಿಗೆ ಸಂಪರ್ಕ. ಇಷ್ಟು ಸಾಕು. ಬಳಸಿದ ನೀರಿಗೆ ಮೀಟರ್ ಹಾಕಿ, ಗಾಡಿಯವರೇ ಹಂಚಿಕೊಂಡು ಕಟ್ಟುತ್ತಾರೆ. ಅವರಲ್ಲಿ ಹಲವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇವೆ.

ಕರಿದ ಎಣ್ಣೆಯ ಬಗ್ಗೆಯೂ ಹೇಳಬೇಕು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಪೋಲಾರ್ ಅಂಶ (ಎಣ್ಣೆ ಕೆಟ್ಟಂತೆಲ್ಲ ಹೆಚ್ಚುವ ವಸ್ತುಗಳು) ಏರುತ್ತದೆ, ಅದು ಶೇ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈಯಿಂದ ಇದೆ. ಸರಿ, ಆದರೆ ಬಜ್ಜಿ ಕರಿಯುವ ಅಮ್ಮ ಅದನ್ನು ಅಳೆಯುವುದು ಹೇಗೆ? ಅಳೆಯುವ ಮೀಟರ್ ಹಿಡಿದುಕೊಂಡು ಆಹಾರ ಸುರಕ್ಷತೆಯವರು ಆಗಾಗ ಬೀದಿಗೆ ಬರುವಂತೆ ನೀವು ಮಾತಾಡಿ. ಹಳೆ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಕೊಳ್ಳುತ್ತಾರೆ, ಅದನ್ನು ಒಟ್ಟು ಮಾಡಲು ಬೀದಿಗೊಂದು ಡಬ್ಬ ಇಟ್ಟರೆ ಚರಂಡಿಗೆ ಸುರಿಯುವುದು ತಪ್ಪುತ್ತದೆ. ಹೆದರಿಸದೆ ಹೇಳಿದರೆ ಗಾಡಿಯವರು ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಗೋಬಿಗೆ ಕೃತಕ ಬಣ್ಣ ಹಾಕುವಂತಿಲ್ಲ ಅಂತ ಸರ್ಕಾರ ಹೇಳಿತಲ್ಲ, ಆಮೇಲೆ ನಮ್ಮ ಬೀದಿಯ ಗೋಬಿ ಪೆಚ್ಚು ಮೋರೆ ಹಾಕಿಕೊಂಡಿತು. ಹಾಗಂತ ಗಿರಾಕಿ ಏನೂ ಕಡಿಮೆ ಆಗಲಿಲ್ಲ.

ಇನ್ನು ನಮ್ಮ ದೂರುಗಳು. ತಿನ್ನಲು ಬಂದವರ ಬೈಕುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆ. ಹೊಗೆ ಮೇಲಿನ ಮಹಡಿಗೆ ಬರುತ್ತದೆ. ರಾತ್ರಿ ಹನ್ನೊಂದಾದರೂ ಕಾವಲಿ ಬಡಿಯುವ ಸದ್ದು ನಿಲ್ಲುವುದಿಲ್ಲ, ಪರೀಕ್ಷೆ ಸಮಯದಲ್ಲಿ ಮಕ್ಕಳಿಗೆ ತೊಂದರೆ. ಒಮ್ಮೆ ಆಂಬ್ಯುಲೆನ್ಸ್ ಒಳಗೆ ಬರಲಾಗದೆ ನಮ್ಮ ಪಕ್ಕದ ಮನೆಯ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆ ತುದಿಯ ತನಕ ಹೊತ್ತುಕೊಂಡು ಹೋದೆವು. ಇದನ್ನೆಲ್ಲ ಅನುಭವಿಸಿದ ಮೇಲೆ "ಎಲ್ಲಾ ಗಾಡಿ ಎತ್ತಿಸಿಬಿಡಿ" ಅನ್ನುವವರು ನಮ್ಮಲ್ಲೂ ಇದ್ದಾರೆ, ಅವರು ಈ ಪತ್ರಕ್ಕೆ ಸಹಿ ಹಾಕಿಲ್ಲ. ಅವರ ಸಿಟ್ಟು ಸುಳ್ಳಲ್ಲ. ಆದರೆ ಗಾಡಿ ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಬಣ್ಣದ ಗೆರೆ ಎಳೆದು, ಒಂದು ಬದಿಗೆ ಮಾತ್ರ ಅವಕಾಶ ಕೊಟ್ಟು, ರಾತ್ರಿ ಹತ್ತೂವರೆಗೆ ಒಲೆ ಆರಿಸಬೇಕು ಅಂದರೆ ಇದರಲ್ಲಿ ಮುಕ್ಕಾಲು ಪಾಲು ಸರಿಹೋಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ, ಆಮೇಲೆ ಸ್ಥಳಾಂತರ ಮಾಡುವುದಾದರೂ 30 ದಿನದ ನೋಟಿಸ್ ಕೊಡಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ನಮ್ಮ ಬೀದಿಗೆ ಸಮೀಕ್ಷೆಯವರು ಬರುವಾಗ ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಬರಲಿ. ಬೆಳಗ್ಗೆ ಹನ್ನೊಂದಕ್ಕೆ ಬಂದು ಎಣಿಸಿದರೆ ಬಜ್ಜಿಯವರೂ ಸಿಗುವುದಿಲ್ಲ, ಇಡ್ಲಿಯವರೂ ಸಿಗುವುದಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಈ ಕಾಯ್ದೆಯಡಿ ಇರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅದೇ ಕಾಯ್ದೆಯಲ್ಲಿ ನಿವಾಸಿಗಳ ಪ್ರತಿನಿಧಿಗೂ ಜಾಗ ಇದೆ. ಸಮಿತಿ ಈ ಬೀದಿಗಳ ಬಗ್ಗೆ ಕೂತು ಮಾತಾಡುವಾಗ ನಮ್ಮನ್ನೂ ಕರೆಯಿರಿ. ಮನೆ ಬಾಗಿಲಲ್ಲಿ ಹೊಗೆ ಕುಡಿಯುವವರು ನಾವು, ಬಜ್ಜಿ ತಿನ್ನುವವರೂ ನಾವೇ ಅಲ್ವಾ?

ಬೇರೆ ಊರುಗಳಲ್ಲಿ ಇದು ಆಗಿದೆ. ಇಂದೋರಿನ ಸರಾಫಾದಲ್ಲಿ ಹಗಲು ಚಿನ್ನದ ಅಂಗಡಿ, ಬಾಗಿಲು ಹಾಕಿದ ಮೇಲೆ ಅದೇ ಅಂಗಡಿಗಳ ಮುಂದೆ ತಿಂಡಿ ಬಜಾರು. ನಮ್ಮ ಗಾಂಧಿ ಬಜಾರಿನಲ್ಲೂ ಚಿನ್ನ, ಬಟ್ಟೆ ಅಂಗಡಿಯವರು ಗಾಡಿಗಳ ಜೊತೆ ಹೀಗೆ ಹೊತ್ತು ಹಂಚಿಕೊಳ್ಳಬಹುದು. ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯನ್ನು ನೋಡಲಿಕ್ಕೆಂದೇ ಜನ ಹೋಗುತ್ತಾರೆ. ಸಿಂಗಪುರದಲ್ಲಿ 1970-80ರ ದಶಕಗಳಲ್ಲಿ ಬೀದಿ ಗಾಡಿಯವರನ್ನು ನೀರು, ಚರಂಡಿ ಇರುವ ಕೇಂದ್ರಗಳಿಗೆ ತಂದರು, 2020ರಲ್ಲಿ ಆ ಊಟದ ಪದ್ಧತಿ ಯುನೆಸ್ಕೊದ ಪರಂಪರೆ ಪಟ್ಟಿಗೇ ಸೇರಿತು. ನಮಗೆ ಪಟ್ಟಿಯೂ ಬೇಡ, ಕಮಾನೂ ಬೇಡ, ಸೆಲ್ಫಿ ತೆಗೆಯುವ ಬೋರ್ಡಂತೂ ಖಂಡಿತ ಬೇಡ. ದುಡ್ಡಿದ್ದರೆ ಮೊದಲು ಪೈಪಿಗೆ ಹಾಕಿ.

ಒಂದೇ ಸಲ ಎಲ್ಲ ಕಡೆ ಆಗುವುದಿಲ್ಲ ಅಂತ ನಮಗೂ ಗೊತ್ತು. ನೆಹರು ರಸ್ತೆಗೆ ಕೂಡುವ ಯಾವುದಾದರೂ ಒಂದು ಅಡ್ಡರಸ್ತೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ತೊಳೆಯುವ ಕಟ್ಟೆ ಮಾಡಿ ನೋಡಿ. ಜಾಗ ತೋರಿಸಲು ನಾವು ಬರುತ್ತೇವೆ. ನಿಮ್ಮ ನೀರು ಸರಬರಾಜಿನ ಎಂಜಿನಿಯರ್ ಒಬ್ಬರನ್ನು ಒಂದು ಸಂಜೆ ಆರರಿಂದ ಎಂಟರ ಒಳಗೆ ಕಳಿಸಿಕೊಡಿ, ಗಾಡಿಯವರೂ ಇರುತ್ತಾರೆ, ಅಲ್ಲೇ ನಿಂತು ಅಳತೆ ಮಾಡಿಬಿಡೋಣ. ಯಾವ ದಿನ ಅಂತ ಎರಡು ದಿನ ಮುಂಚೆ ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ಗಾಂಧಿ ಬಜಾರ್ ಆಸುಪಾಸಿನ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)
ಸ್ಥಳ: ಶಿವಮೊಗ್ಗ