ಕಮಾನು ಆಮೇಲಾಗಲಿ, ಮೊದಲು ಮಳೆನೀರಿನ ಟಾಕಿ: ನಮ್ಮ ಶಾಲೆಯ ದೇಣಿಗೆ ಮನವಿ

ಆತ್ಮೀಯರೇ, ಶರಣು ಶರಣಾರ್ಥಿ.

ಹೋದ ದಸರಾ ಸೂಟಿಗೆ ಮುಂಚೆ ಇದೇ ಶಾಲೆಯಿಂದ ನಿಮಗೊಂದು ಪತ್ರ ಬಂದಿತ್ತು. ಶಾಲೆಗೆ ಐವತ್ತು ತುಂಬುತ್ತದೆ, ಗೇಟಿಗೆ ಕಲ್ಲಿನ ಕಮಾನು ಕಟ್ಟೋಣ, ದಾನಿಗಳ ಹೆಸರು ಕೆತ್ತಿಸೋಣ ಎಂದು ಬರೆದಿದ್ದೆವು. ಹಲವರು ಹಿಂದುಮುಂದು ನೋಡದೆ ಕೊಟ್ಟಿರಿ. 2,30,000 ರೂಪಾಯಿ ಕೂಡಿತು. ಆ ಕಮಾನನ್ನು ಈಗ ಕಟ್ಟುತ್ತಿಲ್ಲ. ಯಾಕೆ ಎಂದು ಹೇಳುವುದಕ್ಕೂ, ಅದರ ಮೇಲೆ ಇನ್ನಷ್ಟು ಕೇಳುವುದಕ್ಕೂ ಈ ಪತ್ರ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಧಾರವಾಡದ ಕಡೆಯಿಂದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಬಂದರು, ಒಬ್ಬ ಹುಡುಗ, ಒಬ್ಬ ಹುಡುಗಿ. ಹೆಗಲಿಗೆ ಚೀಲ, ಚೀಲದ ತುಂಬ ಖಾಲಿ ಬಾಟಲಿ. ಮುಂಡರಗಿ ತಾಲ್ಲೂಕಿನ ಬೋರಿನ ನೀರು ನೋಡುತ್ತಿದ್ದೇವೆ ಎಂದರು. ಬಿಸಿಯೂಟದ ಅಕ್ಕ ಸೌಟು ಹಿಡಿದೇ ಹೊರಗೆ ಬಂದು, "ನೀರು ಒಯ್ಯಾಕ ಅಲ್ಲಿಂದ ಬಂದೀರೇನ್ರಿ? ನಿಮ್ಮೂರಾಗ ನಳ ಬಿಡಾಂಗಿಲ್ಲೇನು?" ಎಂದು ನಕ್ಕಳು. ನಾನೂ ನಕ್ಕೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಆದರೂ ಪಿಎಚ್‌ಡಿ ಅಂದರೆ ದಪ್ಪ ಪುಸ್ತಕ ಬರೆದು ಕಪಾಟಿಗೆ ಸೇರಿಸುವ ಕೆಲಸ ಎಂದೇ ತಿಳಿದಿದ್ದೆ.

ಆ ಹುಡುಗಿ ವರಾಂಡದ ಕಟ್ಟೆಯ ಮೇಲೆ ಮೂರು ಗಾಜಿನ ಕೊಳವೆ ನಿಲ್ಲಿಸಿದಳು. ಒಂದರಲ್ಲಿ ತಾನೇ ತಂದ ಶುದ್ಧ ನೀರು, ಇನ್ನೊಂದರಲ್ಲಿ ನಮ್ಮ ಬೋರಿನ ನೀರು. ಮೂರನೆಯದಕ್ಕೆ ಶಾಲೆಯ ಹಿಂದಿನ ಮನೆಯ ಅಜ್ಜಿಯಿಂದ ಒಂದು ತಂಬಿಗೆ ಮಳೆನೀರು ಬಂತು. ಬೇಳೆ ಲಗೂನ ಬೇಯುತ್ತದೆ ಎಂದು ಆಕೆ ಹಂಡೆಯಲ್ಲಿ ಹಿಡಿದಿಟ್ಟಿರುತ್ತಾಳೆ. ಮೂರಕ್ಕೂ ಸಣ್ಣ ಶೀಶೆಯಿಂದ ಅಳೆದು ಔಷಧ ಬಿಟ್ಟಳು. ಮೊದಲನೆಯದು ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಅಜ್ಜಿಯ ಮಳೆನೀರೂ ಗುಲಾಬಿ. ನಮ್ಮ ಬೋರಿನದು ಮಾತ್ರ ನೋಡನೋಡುತ್ತ ಹಳದಿಯಾಯಿತು. ಹಳದಿ ಏರಿದಷ್ಟೂ ಫ್ಲೋರೈಡ್, ಅಂದರೆ ಮಿತಿ ಮೀರಿದರೆ ಹಲ್ಲು, ಎಲುಬು ಕೆಡಿಸುವ ಲವಣ, ಹೆಚ್ಚು ಎಂದಳು. ಸುತ್ತ ಮುತ್ತಿದ್ದ ಮಕ್ಕಳಲ್ಲಿ ಮೂರನೇ ತರಗತಿಯ ಹುಡುಗನೊಬ್ಬ, "ಟೀಚರ್, ನನ್ನ ಹಲ್ಲಿನ ಬಣ್ಣ ಬಂತ್ರಿ" ಅಂದ. ಯಾರೂ ನಗಲಿಲ್ಲ.

ಬಾಟಲಿಗಳು ಧಾರವಾಡಕ್ಕೆ ಹೋದವು. ಹದಿನೈದು ದಿನಕ್ಕೆ ಬಂದ ವರದಿಯೂ ಅದನ್ನೇ ಹೇಳಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆದೀತು ಎಂಬುದು ನಮ್ಮ ದೇಶದ ಮಾನದಂಡ. ನಮ್ಮ ಬೋರು ಆ ಎರಡನೇ ಗೆರೆಯನ್ನೂ ದಾಟಿದೆ.

ಇದು ಯಾರೋ ನೀರಿಗೆ ಬೆರೆಸಿದ ವಿಷವಲ್ಲ. ನಮ್ಮ ನೆಲದಡಿಯ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಬೋರು ಆಳಕ್ಕೆ ಹೋದಷ್ಟೂ ಸಿಗುವುದು ಬಹುಕಾಲ ಕಲ್ಲಿನ ಬಿರುಕಿನಲ್ಲಿ ಕೂತು ಅದನ್ನು ಕರಗಿಸಿಕೊಂಡ ನೀರು. ನಮ್ಮ ಅಪ್ಪಂದಿರು ಸೇದುತ್ತಿದ್ದ ಬಾವಿ ಮೇಲ್ಮಟ್ಟದ ನೀರಿನದು; ಅದು ಬತ್ತಿತು, ನಾವು ಕೆಳಗೆ ಕೆಳಗೆ ಕೊರೆದೆವು. ಕುದಿಸಿದರೆ ಹೋದೀತೆ ಎಂದು ಕೇಳಿದೆ. ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದಂತೆ. ಚಹಾ ಪುಡಿಯಲ್ಲೂ ಒಂದಿಷ್ಟು ಇರುತ್ತದೆ ಎಂದು ಆ ಹುಡುಗ ಹೇಳಿದಾಗ ನಮ್ಮ ಹೆಡ್‌ಮಾಸ್ತರರು ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

ನನ್ನ ನಿದ್ದೆ ಕೆಡಿಸಿದ ಮಾತು ಬೇರೆ. ಹಲ್ಲು ಕಟ್ಟುವುದು ವಸಡಿನೊಳಗೆ, ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ. ಕಂದು ಕಲೆ ಬೀಳುವುದೂ ಆಗಲೇ. ಆರು, ಏಳನೇ ತರಗತಿಯ ಮಕ್ಕಳ ಕಲೆ ಇನ್ನು ಯಾವ ನೀರು ಕುಡಿದರೂ ಹೋಗದು. ಅವರಿಗೆ ಒಳ್ಳೆಯ ನೀರು ಬೇಕಿರುವುದು ಮುಂದೆ ಕೀಲು ಹಿಡಿಯದಂತೆ, ಬೆನ್ನು ಬಾಗದಂತೆ ಎಲುಬು ಕಾಯಲಿಕ್ಕೆ. ಹಲ್ಲು ಉಳಿಸಬಹುದಾದದ್ದು ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಅಂಗನವಾಡಿಯ ಕೂಸುಗಳದ್ದು, ಒಂದನೇ, ಎರಡನೇ ತರಗತಿಯವರದ್ದು. ಅವರು ದಿನಾ ಎರಡು ಹೊತ್ತು ಅದೇ ನಳಕ್ಕೆ ಬಾಯಿ ಹಚ್ಚುತ್ತಿದ್ದಾರೆ. ಇದನ್ನು ಕೇಳಿದ ಮೇಲೆ ಆಡಳಿತ ಮಂಡಳಿಯ ಸಭೆಯಲ್ಲಿ ಕಮಾನಿನ ನಕ್ಷೆ ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲ.

ಶುದ್ಧ ನೀರಿನ ಯಂತ್ರ ಇತ್ತಲ್ಲ ಎಂದು ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಇತ್ತು, ಈಗಲೂ ಇದೆ, ಅದರ ಮೇಲೆ ಪಾರಿವಾಳ ಗೂಡು ಕಟ್ಟಿದೆ. ಹಾಕಿಕೊಟ್ಟವರು ಎರಡನೇ ವರ್ಷ ಫೋನ್ ಎತ್ತಲಿಲ್ಲ. ಒಳಗಿನ ಪೊರೆ ಬದಲಿಸುವ ಖರ್ಚು ನಮಗೆ ನೀಗಲಿಲ್ಲ. ನದಿ ನೀರಿನ ಪೈಪು ಊರಿಗೆ ಬಂದಿದೆ ನಿಜ. ಮೋಟರು ಕೆಟ್ಟ ದಿನ, ಪೈಪು ಒಡೆದ ವಾರ, ಮತ್ತೆ ಬೋರೇ ಗತಿ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದ ಬಗ್ಗೆಯೂ ಆ ಹುಡುಗ ವಿವರಿಸಿದ. ಪಟಿಕ (ಆಲಂ), ಸುಣ್ಣ ಹಾಕಿ ಕಲಕಿ ತಿಳಿಗೊಳಿಸುವುದು. ಒಳ್ಳೆಯದೇ, ಆದರೆ ಅಳತೆ ತಪ್ಪಬಾರದು, ತಳದಲ್ಲಿ ಕೂತ ಗಸಿಯನ್ನು ದಿನಾ ಎಲ್ಲಿ ಚೆಲ್ಲುವುದು? ಶಾಲೆಗೆ ಹೊಂದುವುದಿಲ್ಲ ಎಂದು ಅವನೇ ತಲೆಯಾಡಿಸಿದ. ಕೊನೆಗೆ ಉಳಿದದ್ದು ಅಜ್ಜಿಯ ಹಂಡೆ. ನೂರೊಂದು ಗುಡಿ, ನೂರೊಂದು ಬಾವಿ ಎನ್ನುವ ಲಕ್ಕುಂಡಿ ಇರುವ ಜಿಲ್ಲೆಯವರಿಗೆ ಮಳೆನೀರು ಹಿಡಿದಿಡಿ ಎಂದು ಹೊರಗಿನವರು ಬಂದು ಹೇಳಬೇಕಾಯಿತು, ಅದೊಂದು ನಾಚಿಕೆ.

ವಿಶ್ವವಿದ್ಯಾಲಯದವರಿಂದ ನಮಗೇನು ಬಂತು ಎನ್ನುವ ಮಾತು ನಮ್ಮ ಕಟ್ಟೆಯ ಮೇಲೆ ಯಾವಾಗಲೂ ಇದ್ದದ್ದೇ. 1972ರಲ್ಲಿ ಧಾರವಾಡದ ವಿಜ್ಞಾನಿಗಳು ವರಲಕ್ಷ್ಮಿ ಹತ್ತಿ ಕೊಟ್ಟರು, ಆಮೇಲೆ ಡಿಸಿಎಚ್-32. ಅದರ 'ಡಿ' ಧಾರವಾಡದ್ದು. ನಮ್ಮ ಭಾಗದಲ್ಲಿ ಎಷ್ಟೋ ಮನೆ, ಮದುವೆ ಆ ಹತ್ತಿಯ ದುಡ್ಡಿನಿಂದ ಆದವು. ಔಷಧ ಹೊಡೆಯುವ ಪಂಪನ್ನು ಬೆನ್ನಿಗೇರಿಸಿದ್ದೂ ಅದೇ ಹತ್ತಿ, ಸುಳ್ಳು ಹೇಳಬಾರದು. ಕಪ್ಪತಗುಡ್ಡದಲ್ಲಿ ಸಸ್ಯಶಾಸ್ತ್ರದವರು ಗಿಡ ಬರೆದುಕೊಳ್ಳುತ್ತ ಅಲೆಯುವಾಗ "ತೊಪ್ಪಲ ಆರಿಸಾಕ ಬಂದಾರ" ಎಂದು ಚಾಷ್ಟಿ ಮಾಡಿದವರು ನಾವು. ಗಣಿಗಾರಿಕೆ ಬೇಡ ಎಂದು ಹೋರಾಡುವಾಗ ಇಲ್ಲಿ ಇಂಥಿಂಥ ಔಷಧಿ ಗಿಡ ಇವೆ ಎಂದು ಎದೆ ತಟ್ಟಿ ಹೇಳಲು ಅಂಥ ಪಟ್ಟಿಯೇ ಬೇಕಾಯಿತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುತ್ತದೆ ಎಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲೇ ಪ್ರಕಟಿಸಿದ್ದರು. ನಮ್ಮ ಅಡುಗೆಮನೆಗೆ ಆ ಸುದ್ದಿ ಮುಟ್ಟಲು ಇಷ್ಟು ವರ್ಷ ಬೇಕಾಯಿತು. ಈಗ ಸಾರಿಗೆ ಹುಣಸೆಹುಳಿ ತುಸು ಮುಂದೆ, ಕ್ಷೀರಭಾಗ್ಯದ ಹಾಲನ್ನು ಯಾರೂ ಬಿಡುವಂತಿಲ್ಲ.

ಇನ್ನು ಲೆಕ್ಕ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಾಳಿಗೆ 300 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಹಿಡಿದರೆ 1,80,000 ಲೀಟರ್. ಸೋರಿ, ಆರಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು 1,44,000 ಲೀಟರ್ ಕೈಗೆ ಸಿಕ್ಕೀತು. 210 ಮಕ್ಕಳಿಗೆ ಕುಡಿಯಲು, ಅಡುಗೆಗೆ ತಲೆಗೆ 3 ಲೀಟರ್ ಎಂದರೂ, ಮಳೆ ನಿಂತ ಮೇಲೆ ಬೇಸಿಗೆ ಸೂಟಿಯ ತನಕದ 120 ಶಾಲಾ ದಿನಕ್ಕೆ ಬೇಕಾದದ್ದು 75,600. ಹಾಗಾಗಿ 80,000 ಲೀಟರಿನ ನೆಲದಡಿಯ ಟಾಕಿ. ಲೆಕ್ಕವನ್ನು ಏಳನೇ ತರಗತಿಯ ಮಕ್ಕಳೇ ಮಾಡಿದ್ದು, ಗಣಿತದ ಟೀಚರ್ ತಿದ್ದಿದ್ದು ಒಂದು ಸೊನ್ನೆ ಮಾತ್ರ.

ಟಾಕಿಗೆ 6,40,000 ರೂಪಾಯಿ. ಪೈಪು, ಜಾಳಿಗೆ, ಉಸುಕು-ಖಡಿ-ಇದ್ದಿಲಿನ ಸೋಸುಗುಂಡಿಗೆ 85,000. ಮೂರು ವರ್ಷ ನೀರು ಪರೀಕ್ಷೆಗೆ 75,000. ಈ ಕೊನೆಯದೇಕೆ ಎಂದು ಸಭೆಯಲ್ಲೂ ತಕರಾರು ಬಂತು. ಮಳೆನೀರಿನಲ್ಲಿ ಫ್ಲೋರೈಡ್ ಇರದಿದ್ದರೂ ಹಕ್ಕಿಯ ಹಿಕ್ಕೆ ಸೇರಿ ರೋಗಾಣು ಬೆಳೆಯಬಹುದು. ನೀರನ್ನು ಪರೀಕ್ಷೆಯ ಶೀಶೆಯಲ್ಲಿ ಹಾಕಿಟ್ಟು, ಅದು ಕಪ್ಪಾದರೆ ಆ ನೀರು ಕುಡಿಯಬಾರದು. ಆ ಶೀಶೆಗೆ, ಔಷಧಕ್ಕೆ, ವರ್ಷಕ್ಕೆ ನಾಲ್ಕು ಸಲ ಬರುವ ಆ ಇಬ್ಬರ ಬಸ್ಸಿನ ಖರ್ಚಿಗೆ ಈ ಹಣ. ಸಂಬಳ ಕೇಳಿಲ್ಲ ಅವರು. ಬಸ್ ಚಾರ್ಜನ್ನೂ ಅವರಿಂದಲೇ ಕೊಡಿಸುವುದು ನಮಗೆ ಶೋಭೆಯಲ್ಲ.

ಒಟ್ಟು 8,00,000. ಕೈಯಲ್ಲಿರುವ 2,30,000 ಕಳೆದರೆ ಬೇಕಾದದ್ದು 5,70,000 ರೂಪಾಯಿ.

ಕಮಾನಿಗೆಂದೇ ಕೊಟ್ಟವರಲ್ಲಿ ಇಬ್ಬರಿಗೆ ಬೇಸರವಾಗಿದೆ. ಅವರ ತಪ್ಪಿಲ್ಲ, ಕೇಳಿದ್ದು ಒಂದಕ್ಕೆ, ಬಳಸುತ್ತಿರುವುದು ಇನ್ನೊಂದಕ್ಕೆ. ಹಣ ವಾಪಸ್ ಬೇಕೆಂದವರಿಗೆ ಯುಗಾದಿಯೊಳಗೆ ಮುಟ್ಟಿಸುತ್ತೇವೆ. ಟಾಕಿಯ ಮೇಲೆ ಹೆಸರು ಕೆತ್ತಿಸುವುದಿಲ್ಲ. ಪೂರ್ತಿ ಪಟ್ಟಿ, ಖರ್ಚಿನ ಬಿಲ್ಲು ಸಮೇತ, ಕಚೇರಿಯ ಹೊರಗಿನ ಫಲಕದಲ್ಲಿರುತ್ತದೆ.

ನೂರು ರೂಪಾಯಿಯೂ ನಡೆಯುತ್ತದೆ. ದುಡ್ಡಿನ ಬದಲು ಸಿಮೆಂಟು ಚೀಲ, ಒಂದು ಟ್ರ್ಯಾಕ್ಟರ್ ಉಸುಕು, ಖಡಿ ಕೊಟ್ಟರೂ ರಸೀದಿ ಕೊಡುತ್ತೇವೆ. ಊರಿನ ಗೌಂಡಿಗಳಿಬ್ಬರು ಅರ್ಧ ಪಗಾರಕ್ಕೆ ಒಪ್ಪಿದ್ದಾರೆ. ಗುಂಡಿ ತೋಡುವುದು ಭಾನುವಾರದ ಶ್ರಮದಾನ, ಗುದ್ದಲಿ ನೀವೇ ತನ್ನಿ. ಆದಾಯ ತೆರಿಗೆ ವಿನಾಯಿತಿ ಬೇಕಾದವರು ಚೆಕ್ಕು ಅಥವಾ ಯುಪಿಐ ಮೂಲಕವೇ ಕಳಿಸಿ, 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ. ಟ್ರಸ್ಟಿನ ಖಾತೆಯ ವಿವರ ಶಾಲೆಯ ಕಚೇರಿಯಲ್ಲಿ ಸಿಗುತ್ತದೆ. ಮನೆಗೆ ಬಂದು ಕೇಳುವವರ ಕೈಗೆ ಕೊಡುವ ಮೊದಲು ರಸೀದಿ ಪುಸ್ತಕದ ಮೇಲೆ ಶಾಲೆಯ ಮುದ್ರೆ ನೋಡಿಕೊಳ್ಳಿ.

ಬಸವ ಜಯಂತಿಯೊಳಗೆ ಗೋಡೆ ಏಳಬೇಕು. ಆಮೇಲೆ ಇಪ್ಪತ್ತೊಂದು ದಿನ ನೀರುಣಿಸಬೇಕು, ಗಿಲಾವು ಆಗಬೇಕು, ಒಮ್ಮೆ ತುಂಬಿಸಿ ಸೋರುತ್ತದೆಯೇ ನೋಡಬೇಕು. ಮಿರಗದ (ಮೃಗಶಿರಾ) ಮಳೆ ಕೂಡುವ ಹೊತ್ತಿಗೆ ಪೈಪಿನ ಬಾಯಿ ತೆರೆದಿರಬೇಕು.

ಇಂತಿ ನಿಮ್ಮ,
ಕಾರ್ಯದರ್ಶಿ, ಶಾಲಾ ಆಡಳಿತ ಮಂಡಳಿ
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ